ಇಂದು ನಗದು, ನಾಳೆ ಉದ್ರಿ, ನಾಡಿದ್ದು ಬಾಗಿಲು

ಸವದತ್ತಿಯ ಪೇಟೆ ಮುಳುಗಿತು ಎಂದು ಮರುಗಲು ಚಹಾದಂಗಡಿಯಲ್ಲಿ ದಿನಾ ಒಂದು ಸಭೆ ಸೇರುತ್ತದೆ. ಬಂದವರ ಮೈಮೇಲಿನ ಅಂಗಿ ಧಾರವಾಡದ್ದು, ಕಾಲಲ್ಲಿನ ಚಪ್ಪಲಿ ಹುಬ್ಬಳ್ಳಿಯದು, ಕೈಯಲ್ಲಿನ ಮೊಬೈಲು ಆನ್‌ಲೈನಿನದು. ಚಹಾ ಮಾತ್ರ ಊರಿನದು. ಅದೂ ಉದ್ರಿ.

ಹಾಗೆ ನೋಡಿದರೆ ಗಿರಾಕಿ ಕಳಕೊಳ್ಳುವುದು ಈ ಊರಿಗೆ ಹೊಸದಲ್ಲ. ಸುಗಂಧವರ್ತಿ ಎಂಬ ಹೆಸರಲ್ಲಿ ರಟ್ಟರ ರಾಜಧಾನಿಯಾಗಿ ಮೆರೆದ ಊರಿದು. 13ನೇ ಶತಮಾನದ ಹೊತ್ತಿಗೆ ಆ ದೊರೆಗಳೇ ಗಂಟುಮೂಟೆ ಕಟ್ಟಿ ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ, ಹೊರಟುಹೋದರು. ರಾಜರೇ ಬೆಳಗಾವಿ ಹಾದಿ ಹಿಡಿದ ಮೇಲೆ ಮದುವೆ ಜವಳಿಗೆ ಅಲ್ಲಿಗೆ ಹೋಗುವ ಬೀಗರನ್ನು ಬೈದರೇನು ಬಂತು? ಪಾಪ, ರಟ್ಟರು ಕೈಯಿಂದ ಖರ್ಚು ಹಾಕಿಕೊಂಡು ಹೋಗಿರಬೇಕು. ನಮ್ಮ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಸರ್ಕಾರವೇ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಹರಿದುಕೊಡುತ್ತಿದೆ. ಆಧಾರ್ ಕಾರ್ಡು ತೋರಿಸಿದರೆ ಸುಮಾರು 40 ಕಿಲೋಮೀಟರ್ ದೂರದ ಧಾರವಾಡ ಪುಕ್ಕಟೆ. ಊರೊಳಗಿನ ಪೇಟೆಗೆ ಹೋಗಲು ಆಟೋದವನಿಗೆ ರೊಕ್ಕ ಕೊಡಬೇಕು. ಲೆಕ್ಕ ಬರುವ ಯಾರಾದರೂ ಹೇಳಲಿ, ಯಾವುದು ಹತ್ತಿರ?

ಗುಡ್ಡದ ಮೇಲೆ ಮಾತ್ರ ಎಲ್ಲ ಭರ್ಜರಿ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಎಲ್ಲಮ್ಮನ ದರ್ಶನಕ್ಕೆ ಲಕ್ಷಗಟ್ಟಲೆ ಜನ. ಚಕ್ಕಡಿ ಕಟ್ಟಿಕೊಂಡು ಬರುವ ಕಾಲದಲ್ಲಿ ಎತ್ತುಗಳು ದಣಿಯುತ್ತಿದ್ದವು. ಎತ್ತು ದಣಿದರೆ ಗಾಡಿ ನಿಲ್ಲುತ್ತಿತ್ತು, ಗಾಡಿ ನಿಂತರೆ ಬಳೆ, ಖಣ, ಹಗ್ಗ, ಬೆಲ್ಲದ ವ್ಯಾಪಾರವಾಗುತ್ತಿತ್ತು. ಈಗಿನ ಕ್ರೂಸರ್ ದಣಿಯುವುದಿಲ್ಲ. ಉಧೋ ಉಧೋ ಎನ್ನುತ್ತ ನೇರ ಗುಡ್ಡ ಹತ್ತುತ್ತದೆ. 2024ರಲ್ಲಿ ಕೇಂದ್ರ ಸರ್ಕಾರ ಆ ಗುಡ್ಡದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಮಂಜೂರು ಮಾಡಿತು. ಅದರಲ್ಲಿ ನಾಲ್ಕು ಕಾಸು ಉರುಳುತ್ತ ಕೆಳಗೆ ಬಂದೀತೆಂದು ಪೇಟೆಯವರು ಬಾಗಿಲಲ್ಲಿ ಕಾಯುತ್ತಿದ್ದಾರೆ. ಇಳಿಯುವುದು ನೀರಿನ ಗುಣ, ರೊಕ್ಕದ್ದಲ್ಲ.

ನಮ್ಮ ಬಟ್ಟೆ ಅಂಗಡಿ ಸಾಹುಕಾರರನ್ನೇ ನೋಡಿ. ಗಾದಿಯ ಮೇಲೆ ಹದಿನೆಂಟು ಇಳಕಲ್ ಸೀರೆ ಬಿಚ್ಚಿ ಹರವಿದ್ದರು. ತಾಯಿ ಸೆರಗಿನ ತೋಪ ತೆನಿಯನ್ನು ಉಗುರಿನಿಂದ ಕೆರೆದು ನೋಡುತ್ತಿದ್ದಳು, ಮಗಳು ಹದಿನೆಂಟಕ್ಕೂ ಫೋಟೋ ಹೊಡೆದುಕೊಂಡಳು. "ಅತ್ತಿಗಿಗೆ ಕಳಿಸಿ ಕೇಳ್ತೀವ್ರಿ" ಎಂದು ಇಬ್ಬರೂ ಎದ್ದರು. ಅತ್ತಿಗೆಯ ಹೆಸರು ಗೂಗಲ್. ಬಿಚ್ಚಲು ಐದು ನಿಮಿಷ ಹಿಡಿದಿತ್ತು, ಮಡಿಸಲು ಸಾಹುಕಾರರಿಗೆ ಅರ್ಧ ತಾಸು ಬೇಕಾಯಿತು.

ಹಾಗಂತ ಸಾಹುಕಾರರೂ ಸುಮ್ಮನಲ್ಲ. "90 ಸೈಜಿನ ಬನಿಯನ್ ಐತೇನ್ರಿ?" ಎಂದು ನಾನು ಕೇಳಿದರೆ ಪೇಪರಿನಿಂದ ತಲೆ ಎತ್ತದೆ "85 ಒಯ್ರಿ, ಹಿಗ್ಗತೈತಿ" ಎನ್ನುತ್ತಾರೆ.

ಪೇಟೆ ಖಾಲಿಯಾಗಲು ಇನ್ನೊಂದು ಕಾರಣವಿದೆ. ಚಹಾದ ಸಭೆಯಲ್ಲಿ ಅದನ್ನು ಯಾರೂ ಎತ್ತುವುದಿಲ್ಲ. 'ಇಂದು ನಗದು ನಾಳೆ ಉದ್ರಿ' ಎಂಬ ಬೋರ್ಡಿನ ಕೆಳಗೇ ಕೂತು ಸಾಹುಕಾರರು ಊರಿಗೆಲ್ಲ ಉದ್ರಿ ಕೊಟ್ಟಿದ್ದಾರೆ. ಉದ್ರಿ ಒಯ್ದವನು ಅಂಗಡಿ ಮುಂದೆ ಹೇಗೆ ಹಾದುಹೋದಾನು? ಹಿಂದಿನ ಓಣಿ ಹಿಡಿಯುತ್ತಾನೆ. ಹೊಸ ಅಂಗಿ ಬೇಕಾದರೆ ಮುಖ ನೋಡದವರ ಹತ್ತಿರ ರೊಕ್ಕ ಕೊಟ್ಟು ತರಿಸುತ್ತಾನೆ. ದೀಪಾವಳಿಗೆ ಕಿರ್ದಿ ಪುಸ್ತಕಕ್ಕೆ ಪೂಜೆ ಆಗುವಾಗ ಅದರೊಳಗೆ ಅರ್ಧ ಊರು ಕುಂಕುಮ ಹಚ್ಚಿಸಿಕೊಳ್ಳುತ್ತದೆ. ಹಿಂದಿನ ಓಣಿಯಲ್ಲಿ ಇತ್ತೀಚೆಗೆ ಎರಡು ಪಾನ್‌ ಅಂಗಡಿ, ಒಂದು ಎಗ್‌ರೈಸ್ ಗಾಡಿ ಬಂದಿವೆ. ಜನಸಂದಣಿ ಇದ್ದಲ್ಲಿ ವ್ಯಾಪಾರ.

ನಾನೂ ಸೋತು ಬನಿಯನ್ನನ್ನು ಮೊಬೈಲಿನಲ್ಲೇ ತರಿಸಿದೆ. ಕೊರಿಯರ್ ಹುಡುಗನಿಗೆ ನಮ್ಮ ಮನೆ ಸಿಗುವುದಿಲ್ಲವೆಂದು ವಿಳಾಸಕ್ಕೆ ಸಾಹುಕಾರರ ಅಂಗಡಿಯನ್ನೇ ಬರೆದಿದ್ದೆ. ಅವನು ಬಂದ ದಿನ ನಾನು ಧಾರವಾಡದಲ್ಲಿದ್ದೆ. ಸಾಹುಕಾರರು ಬೋಣಿಯಾಗದ ಗಲ್ಲಾಪೆಟ್ಟಿಗೆಯಿಂದ 449 ರೂಪಾಯಿ ಎಣಿಸಿ ಕೊಟ್ಟು ಪಾರ್ಸೆಲ್ ಇಸಿದುಕೊಂಡಿದ್ದರು. ಸಂಜೆ ಅವರೆದುರೇ ಒಡೆದು ನೋಡಿದರೆ, 85.

"ಒಯ್ರಿ, ಹಿಗ್ಗತೈತಿ" ಎಂದರು.

ರೊಕ್ಕ ನಾಳೆ ಕೊಡುತ್ತೇನೆಂದೆ. ಅವರು ಮಾತಾಡದೆ ಕೆಂಪು ಪುಸ್ತಕ ತೆರೆದು, ಪೆನ್ನು ಝಾಡಿಸಿ, ನನ್ನ ಹೆಸರಿನ ಮುಂದೆ ಬರೆದುಕೊಂಡರು. ಮರುದಿನದಿಂದ ನಾನು ಹಿಂದಿನ ಓಣಿ ಹಿಡಿದಿದ್ದೇನೆ.