ಸ್ಟೇರಿಂಗ್ ಬಿಟ್ಟ ಡೈವರ್ ಕಾಕಾ

ಸಿಂದಗಿ ಕಡೆಯಿಂದ ಬಂದ ಬಸ್ಸು ಯಂಕಂಚಿಯಲ್ಲಿ ನಿಂತರೆ ಇಳಿದವರೆಲ್ಲ ಮನೆ ಹಾದಿ ಹಿಡಿಯುತ್ತಾರೆ. ಒಬ್ಬರು ಮಾತ್ರ ಹಿಂದಕ್ಕೆ ಹೋಗಿ ಬಸ್ಸಿನ ಹಿಂಗಾಲಿಗೆ ಚಪ್ಪಲಿ ಕಾಲಿನಿಂದ ಒಮ್ಮೆ ಒದೆಯುತ್ತಾರೆ. ಬಗ್ಗಿ ಕಿವಿಗೊಡುತ್ತಾರೆ. ಆಮೇಲೆ ಮುಂದೆ ಬಂದು, ‘ತಮ್ಮಾ, ಒಳಗಿನ ಗಾಲಿಗಿ ಗಾಳಿ ಕಮ್ಮಿ ಅದ ನೋಡು’ ಎಂದು ಬಸ್ ಡ್ರೈವರಿಗೆ ಹೇಳುತ್ತಾರೆ. ಅವನು ಗೇರ್ ಹಾಕಿಕೊಂಡು ಹೊರಟುಬಿಡುತ್ತಾನೆ. ಇವರೇ ಡೈವರ್ ಕಾಕಾ. ಇವರಿಗೆ ಮನೆಯವರಿಟ್ಟ ಹೆಸರೊಂದು ರೇಷನ್ ಕಾರ್ಡಿನಲ್ಲಿದೆ, ಅಲ್ಲಿ ಬಿಟ್ಟರೆ ಬೇರೆ ಕಡೆ ಕೆಲಸಕ್ಕೆ ಬರುವುದಿಲ್ಲ. ಇಂಡಿ, ಮುದ್ದೇಬಿಹಾಳ, ಬಾಗೇವಾಡಿ, ಯಾವ ತಾಲ್ಲೂಕಿಗೆ ಹೋದರೂ ಚಹಾದ ಅಂಗಡಿ ಮುಂದೆ ಇಂಥವರೊಬ್ಬರು ಕೂತೇ ಇರುತ್ತಾರೆ.

ಕಾಕಾ ಸ್ಟೇರಿಂಗ್ ಬಿಟ್ಟರೂ ಸ್ಟೇರಿಂಗ್ ಕಾಕಾನನ್ನು ಬಿಟ್ಟಿಲ್ಲ. ಅಳಿಯನ ಕಾರಿನಲ್ಲಿ ಕೂತರೆ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ. ಇಳಿಯುವಾಗ ಮೊಣಕಾಲು ನೋವು. ಟಿವಿಎಸ್ ಗಾಡಿಯನ್ನು ಅಂಗಳದಿಂದ ಹಿಂದಕ್ಕೆ ತೆಗೆಯಬೇಕಾದರೆ ಮೊಮ್ಮಗ ಹಿಂದೆ ನಿಂತು ‘ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್’ ಎನ್ನಲೇಬೇಕು. ಸಂತೆಯಲ್ಲಿ ಕಲ್ಲಂಗಡಿಯನ್ನು ಬಡಿದು ನೋಡಿ, ‘ಪಂಕ್ಚರ್ ಅದ’ ಎಂದು ಬದಿಗಿಟ್ಟದ್ದನ್ನು ನಾನೇ ಕಂಡಿದ್ದೇನೆ.

ದಾರಿ ಕೇಳಿದವರ ಗತಿ ಇನ್ನೂ ಕಷ್ಟ. ಕಾಕಾನ ತಲೆಯಲ್ಲಿ ಹೆದ್ದಾರಿಗಳ ಹಳೆಯ ನಂಬರುಗಳೇ ಕೂತಿವೆ. ಆಗ ಸೊಲ್ಲಾಪುರದಿಂದ ವಿಜಯಪುರ ಹಾಯ್ದು ಚಿತ್ರದುರ್ಗಕ್ಕೆ ಹೋಗುವುದು 13, ಹುಬ್ಬಳ್ಳಿಯಿಂದ ವಿಜಯಪುರ, ಸಿಂದಗಿ, ಕಲಬುರಗಿ ಹಾಯ್ದು ಹುಮನಾಬಾದಿಗೆ ಹೋಗುವುದು 218. ಎರಡೂ ವಿಜಯಪುರದಲ್ಲಿ ಕೂಡುತ್ತಿದ್ದವು. 2010ರಲ್ಲಿ ಸರಕಾರ ನಂಬರು ಬದಲಿಸಿ, ಇದರ ಅರ್ಧಕ್ಕೆ ಅದರ ಅರ್ಧ ಜೋಡಿಸಿ ಒಂದಕ್ಕೆ 50 ಎಂದಿತು, ಉಳಿದ ಎರಡು ಅರ್ಧಗಳನ್ನು 52ಕ್ಕೆ ಕೊಟ್ಟಿತು. ಅಣ್ಣನ ಹೆಂಡತಿಯನ್ನು ತಮ್ಮನ ರೇಷನ್ ಕಾರ್ಡಿಗೆ ಏರಿಸಿದ ಹಾಗಾಯಿತು ಎಂಬುದು ಕಾಕಾನ ತಕರಾರು. ಅವರು ಇವತ್ತಿಗೂ ‘218 ಹಿಡಿ, ಬಿಜಾಪುರದಾಗ 13ಕ್ಕ ಹೊಳ್ಳು’ ಎನ್ನುತ್ತಾರೆ. ಕೇಳಿದವರು ಮೊಬೈಲ್ ತೆಗೆಯುತ್ತಾರೆ.

ಈಚೆಗೆ ಊರಿನ ಹುಡುಗನೊಬ್ಬನಿಗೆ ವಿಜಯಪುರದ ಮಾಲಕರೊಬ್ಬರ ಹೊಸ ಹನ್ನೆರಡು ಗಾಲಿ ಲಾರಿಯ ಮೇಲೆ ಕೆಲಸ ಸಿಕ್ಕಿತು. ಕಾಯ್ದೆಯ ಪ್ರಕಾರ ಎಲ್ಲ ನೆಟ್ಟಗಿತ್ತು. ವಯಸ್ಸು 20 ದಾಟಿತ್ತು, ಸಣ್ಣ ಗಾಡಿಯ ಲೈಸೆನ್ಸ್ ಪಡೆದು ವರ್ಷ ತುಂಬಿತ್ತು, ಹೆವಿ ಲೈಸೆನ್ಸ್ ಕೈಗೆ ಬಂದಿತ್ತು. ಆದರೆ ಕಾಕಾನ ಆರ್‌ಟಿಓ ಬೇರೆ. ‘ಕ್ಲೀನರ್ ಆಗಿ ಎಷ್ಟು ವರ್ಷ ಇದ್ದಿ?’ ಎಂದರು. ಇಲ್ಲವೇ ಇಲ್ಲ ಎಂದ ಹುಡುಗ. ಕಾಕಾ ಚಹಾದ ಕಪ್ಪು ಕೆಳಗಿಟ್ಟರು. ಅವರ ಕಾಲದಲ್ಲಿ ಉಸ್ತಾದನ ಅಂಗಿ ಒಗೆದು, ಗ್ಲಾಸು ಒರೆಸಿ, ತಾಡಪತ್ರಿಯ ಮೇಲೆ ಮಲಗಿ, ಬೈಗಳ ತಿಂದು, ಖಾಲಿ ಗಾಡಿಯನ್ನು ಪೆಟ್ರೋಲ್ ಪಂಪಿನ ಅಂಗಳದಲ್ಲಿ ತಿರುಗಿಸಲು ಸಿಕ್ಕ ದಿನವೇ ಹಬ್ಬ.

ಮರುದಿನ ಲಾರಿಯನ್ನು ಊರಿಗೆ ತಂದಾಗ ಕಾಕಾ ಟಾಮಿ ರಾಡು ಹಿಡಿದು ನಿಂತಿದ್ದರು. ಇಲ್ಲಿ ಮಾತ್ರ ನಗೆಯಾಡುವ ಹಾಗಿಲ್ಲ. ಜೋಡಿ ಗಾಲಿಯಲ್ಲಿ ಒಳಗಿನದು ಪಂಕ್ಚರ್ ಆದರೆ ಹೊರಗಿನದು ಭಾರ ಹೊತ್ತು ನಿಂತಿರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಹತ್ತಾರು ಮೈಲಿ ಹೋದ ಮೇಲೆ ಎರಡೂ ಕೈಕೊಡುತ್ತವೆ. ಕಾಕಾ ಒಂದೊಂದೇ ಗಾಲಿಗೆ ಟಾಮಿಯಿಂದ ಬಡಿದರು. ಗಾಳಿ ತುಂಬಿದ್ದು ಟಣ್ ಎಂದು ರಾಡನ್ನು ಹಿಂದಕ್ಕೆ ಒಗೆಯುತ್ತದೆ, ಇಳಿದದ್ದು ದಪ್ ಎಂದು ಸುಮ್ಮನಾಗುತ್ತದೆ. ಎರಡು ಗಾಲಿಗಳ ನಡುವೆ ಸಿಕ್ಕಿದ್ದ ಕಲ್ಲೊಂದನ್ನು ಮೀಟಿ ತೆಗೆದು ಹುಡುಗನ ಅಂಗೈಗೆ ಇಟ್ಟರು. ಗಾಳಿ ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಿ, ನೀರು ಬಸಿದು, ‘ಮುಖಾ ತೊಳಕೊಳ್ಳೂದಕಿಂತ ಮೊದಲ ದಿನಾ ಇದನ್ನ ಮಾಡು, ಇಲ್ಲಾಂದ್ರ ಬ್ರೇಕಿಗಿ ನೀರು ಹೋಗ್ತದ’ ಎಂದರು.

ಅಷ್ಟರಲ್ಲಿ ಹುಡುಗ ‘ಯೂರಿಯಾ ಹಾಕಿಸಬೇಕ್ರಿ ಕಾಕಾ’ ಎಂದು ಕೆಡಿಸಿಬಿಟ್ಟ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಲಾರಿಗಳಿಗೆ ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಟ್ಯಾಂಕು, ಹೊಗೆ ಶುದ್ಧಮಾಡಲು ಅದಕ್ಕೆ ಯೂರಿಯಾ ಬೆರೆತ ದ್ರವ. ಅದು ಮುಗಿದರೆ ಎಂಜಿನ್ ಜೋರು ಕಳೆದುಕೊಳ್ಳುತ್ತದೆ. ಕಟ್ಟೆಯ ಮೇಲಿದ್ದ ರೈತರೆಲ್ಲ ಒಮ್ಮೆಲೇ ಎದ್ದರು. ‘ಸೊಸೈಟಿ ಮುಂದ ಪಾಳಿ ಹಚ್ಚಿದ್ರೂ ಹೊಲಕ್ಕ ಸಿಗವಲ್ದು, ಇವ ಲಾರಿಗಿ ಕುಡಸ್ತಾನಂತ!’ ಮನೆಯಲ್ಲಿ ಉಳಿದ ಅರ್ಧ ಚೀಲವನ್ನು ನೀರಲ್ಲಿ ಕದಡಿ ಹಾಕಿದರೆ ಆಯಿತು ಎಂದೂ ಒಬ್ಬರು ಸೂಚಿಸಿದರು. ಹೊಲದ ಗೊಬ್ಬರ ಹಾಕಿದರೆ ಆ ಯಂತ್ರವೇ ಹಾಳಾಗುತ್ತದೆ, ರಿಪೇರಿ ಖರ್ಚು ಲಕ್ಷದ ಮಾತು ಎಂದು ಹುಡುಗ ಹೇಳಿದ. ಕಾಕಾ ಎಲ್ಲ ಮೊದಲೇ ಗೊತ್ತಿದ್ದವರಂತೆ ತಲೆಯಾಡಿಸಿದರು.

ಎಸಿ ವಿಷಯದಲ್ಲೂ ಹೀಗೇ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ‘ನಾವು ಮೇ ತಿಂಗಳಾಗ ಎಂಜಿನ್ ಮ್ಯಾಲ ಕಾಲಿಟ್ಟು ಬೆಂದೀವಿ. ತಂಪ ಹತ್ತಿದ್ರ ಡೈವರಗ ನಿದ್ದಿ ಬರೂದಿಲ್ಲೇನು?’ ಎಂದು ಗುಡುಗಿದರು. ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡುತ್ತೇನೆಂದು ಒಳಗೆ ಹತ್ತಿ ಬಾಗಿಲು ಹಾಕಿಕೊಂಡವರು ಊಟದ ಹೊತ್ತಾದರೂ ಇಳಿಯಲಿಲ್ಲ. ಕಾಕು ಬಂದು ಗ್ಲಾಸು ಬಡಿಯಬೇಕಾಯಿತು.

ಅವರ ಉಪದೇಶದಲ್ಲಿ ಅರ್ಧ ಭಾಗಕ್ಕೆ ಅವಧಿ ಮುಗಿದಿದೆ. ಝಳಕಿಯ ತೆರಿಗೆ ನಾಕಾದಲ್ಲಿ ಯಾರ ಹತ್ತಿರ ಹೇಗೆ ಮಾತಾಡಬೇಕು ಎಂಬುದರ ಮೇಲೆ ಕಾಕಾ ಒಂದು ತಾಸು ಹೇಳಬಲ್ಲರು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಆ ಸಾಲೇ ಇಲ್ಲ. ಈಗ ಒಣದ್ರಾಕ್ಷಿ ಹೇರಿಕೊಂಡು ಹೊರಟರೆ ಇ-ವೇ ಬಿಲ್ ನೋಡಿಕೊಳ್ಳಬೇಕು. 200 ಕಿ.ಮೀ.ಗೆ ಒಂದು ದಿನದ ಅವಧಿ, ಗಾಡಿ ಕೆಟ್ಟು ನಿಂತರೆ ಹಮಾಲರಿಗಿಂತ ಮೊದಲು ಬಿಲ್ಲೇ ಕೆಲಸ ಮುಗಿಸಿ ಹೋಗಿರುತ್ತದೆ. ‘ಮಾಲಕಗ ಖುಷಿ ಆಗ್ಲಿ ಅಂತ ಎರಡು ಟನ್ ಹೆಚ್ಚಿಗಿ ಹಾಕ್ಕೊ’ ಎಂಬ ಮಾತೂ ಹಳತಾಯಿತು. ಹೆಚ್ಚು ಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಟನ್ನಿಗೆ 2,000. ಮಾಲಕರ ಖುಷಿ ಅಲ್ಲಿಗೇ ಇಳಿಯುತ್ತದೆ.

ಉಳಿದ ಅರ್ಧ ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಸಿಗದು. ಮಳೆಗಾಲದಲ್ಲಿ ಎದುರು ಗಾಡಿಗೆ ದಾರಿ ಬಿಡಲೆಂದು ಗಾಲಿಯನ್ನು ಎರಿ ಮಣ್ಣಿಗೆ ಇಳಿಸಬೇಡ, ಇಳಿದರೆ ಕ್ರೇನ್ ಬರುವ ತನಕ ಅಲ್ಲೇ ಸಂಸಾರ. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಹೊತ್ತು ಮುಂದೆ ಕತ್ತಲು ಕಂಡರೆ ಅದು ಕತ್ತಲೆಂದು ತಿಳಿಯಬೇಡ, ಹಿಂದೆ ಲೈಟಿಲ್ಲದ ಎರಡು ಟ್ರಾಲಿ ಟ್ರ್ಯಾಕ್ಟರ್ ಇದ್ದೀತು. ಬುತ್ತಿಗೆ ಖಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೋ, ವಾರ ಕಳೆದರೂ ಕೆಡದು. ದಾಬಾದಲ್ಲಿ ಹೊಟ್ಟೆ ಬಿರಿಯ ಉಂಡು ಸ್ಟೇರಿಂಗ್ ಹಿಡಿಯಬೇಡ.

ಘಟ್ಟದ ಪಾಠಕ್ಕೆ ಮಾತ್ರ ಎದ್ದು ನಿಲ್ಲುತ್ತಾರೆ. ‘ನಮ್ಮ ಸೀಮ್ಯಾಗ ಏರು ಅಂದ್ರ ರೈಲ್ವೆ ಬ್ರಿಜ್ಜು. ಇಲ್ಲಿ ಕಲತವ ಅರಬೈಲ್ ಘಟ್ಟಕ್ಕ ಹೋದ್ರ ದೇವರೇ ಗತಿ.’ ಯಲ್ಲಾಪುರ ದಾಟಿ ಅಂಕೋಲೆಗೆ ಇಳಿಯುವಾಗ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರಿದ್ದಾರೆ. ಆಗ ಎಂಜಿನ್ ಗಾಡಿಯನ್ನು ತಡೆಯುವುದಿಲ್ಲ, ಎಲ್ಲ ಭಾರ ಬ್ರೇಕಿನ ಮೇಲೆ. ಡ್ರಮ್ ಕಾದು ಬ್ರೇಕು ಹಿಡಿಯುವುದನ್ನೇ ಬಿಡುತ್ತದೆ, ಒತ್ತಿ ಒತ್ತಿ ಬಿಟ್ಟರೆ ಗಾಳಿಯೂ ಇಳಿಯುತ್ತದೆ. ‘ಯಾವ ಗೇರಿನ್ಯಾಗ ಏರ್ತಿ, ಅದರಾಗೇ ಇಳಿ. ಉಳಿಸಿದ ಡೀಸೆಲ್ ದವಾಖಾನ್ಯಾಗ ನಡ್ಯಾಂಗಿಲ್ಲ.’

ರಸ್ತೆಯ ಮೇಲೆ ರಾಶಿ ಹಾಕುವ ರೈತರನ್ನು ಬೈಯುವುದಕ್ಕೆ ಕಾಕಾನಲ್ಲಿ ಮೂರು ಭಾಷೆಗಳಿವೆ. ಕನ್ನಡ ಸಾಲದಾದಾಗ ಹಿಂದಿ, ಆಮೇಲೆ ಮರಾಠಿ. ತೊಗರಿ ಸುಗ್ಗಿಯಲ್ಲಿ ಊರ ಹೊರಗೆ ಅರ್ಧ ರಸ್ತೆ ಹಿಡಿದು, ಸುತ್ತ ತಲೆಗಾತ್ರದ ಕಲ್ಲಿಟ್ಟಿದ್ದ ರಾಶಿ ಯಾರದೆಂದು ವಿಚಾರಿಸಿದೆ. ಕಾಕಾನದೇ. ‘ಅದು ಬ್ಯಾರೆ. ನಾ ತಿರುವಿನ್ಯಾಗ ಹಾಕಿಲ್ಲ’ ಎಂದರು.

ಕಡೆಗೆ ನಿದ್ದೆಯ ಪಾಠ. ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ತಾಸು ಎನ್ನುತ್ತಿತ್ತು ಎಂದು ನಾನು ಬಾಯಿ ಹಾಕಿದೆ. ‘ಆ ಕಾಯ್ದೆ ಹಾದಿಮ್ಯಾಗ ನನಗೊಮ್ಮಿನೂ ಭೆಟ್ಟಿ ಆಗಿಲ್ಲ’ ಎಂದರು ಕಾಕಾ. ಹುಡುಗನಿಗೆ ಮಾತ್ರ ಖಡಕ್ಕಾಗಿ ಹೇಳಿದರು: ರಾತ್ರಿ ಎರಡರಿಂದ ಐದರ ತನಕ ಕಣ್ಣು ಮೋಸ ಮಾಡುತ್ತದೆ. ಚಹಾ, ಗುಟ್ಕಾ, ಹಾಡು ಯಾವುದೂ ನಡೆಯದು. ಲೈಟಿರುವ ಪಂಪು ನೋಡಿ ಗಾಡಿ ಹಚ್ಚಿ ಮಲಗು.

ಬಾಗೇವಾಡಿಯಲ್ಲಿ ಉಳ್ಳಾಗಡ್ಡಿ ಹೇರಿಕೊಂಡು ಹುಡುಗ ಯಶವಂತಪುರಕ್ಕೆ ಹೊರಟ. ಹಿರಿಯೂರಿನ ಹತ್ತಿರ, ಹೇಳಿದ ಹಾಗೇ ಎರಡಕ್ಕೆ ಪಂಪಿನಲ್ಲಿ ಹಚ್ಚಿ ಮಲಗಿದ. ಎರಡೂಕಾಲಿಗೆ ಫೋನು. ‘ಮಲಗೀಯೇನೋ ತಮ್ಮಾ?’ ಕಾಕಾ. ಎರಡೂವರೆಗೆ ಇನ್ನೊಂದು. ಜಿಪಿಎಸ್‌ನಲ್ಲಿ ಗಾಡಿ ನಿಂತದ್ದು ನೋಡಿದ ಮಾಲಕರು: ‘ಯಾಕ ನಿಂತೀ? ಬೆಳಗಿನ ಲಿಲಾವು ತಪ್ಪಿದ್ರ?’ ಎರಡೂ ಮುಕ್ಕಾಲಿಗೆ ಮತ್ತೆ ಕಾಕಾ, ನಿದ್ದೆ ಹತ್ತಿತೋ ಇಲ್ಲವೋ ಎಂಬ ಚಿಂತೆ. ಮೂರಕ್ಕೆ ಮಾಲಕರು. ಹುಡುಗ ಜಾಣ. ಮಾಲಕರ ನಂಬರನ್ನು ಕಾಕಾಗೆ, ಕಾಕಾನ ನಂಬರನ್ನು ಮಾಲಕರಿಗೆ ಕಳಿಸಿ, ತನ್ನ ಫೋನ್ ಬಂದ್ ಮಾಡಿ ಹೊದ್ದುಕೊಂಡ.

ಅವರಿಬ್ಬರೂ ಬೆಳತನಕ ಟೈರಿನ ರೇಟು ಮಾತಾಡಿದರಂತೆ.