ಕಲ್ಲಿದ್ದಲಿಗೆ ವೇಯ್ಟಿಂಗ್ ಲಿಸ್ಟ್ ಇಲ್ಲ

ನಮ್ಮ ಮಲ್ಪೆಗೆ ಬಂದರುಂಟು, ರೈಲಿಲ್ಲ. ರೈಲು ಹತ್ತಲು ಇಂದ್ರಾಳಿಗೆ ಹೋಗಬೇಕು. ಗೂಡ್ಸ್ ಗಾಡಿಯ ಶಂಟಿಂಗ್ ಎಂಬ ಪುಕ್ಕಟೆ ಆಟ ನೋಡಲು ಪಡುಬಿದ್ರಿ ಕಡೆಗೇ ಹೋಗಬೇಕು. ಅಲ್ಲೇ ಹತ್ತಿರದ ಎಲ್ಲೂರಿನ 1200 ಮೆಗಾವಾಟ್ ವಿದ್ಯುತ್ ಸ್ಥಾವರಕ್ಕೆ ಬೇಕಾದ ಕಲ್ಲಿದ್ದಲು ಪಣಂಬೂರಿನಲ್ಲಿ ಹಡಗಿನಿಂದಿಳಿದು ರೈಲು ಹತ್ತಿ ಬರುತ್ತದೆ. ಫಾರಿನ್ ಸರಕಲ್ಲವೇ, ಗತ್ತು ಜಾಸ್ತಿ! ಚೌತಿಗೆ ಊರಿಗೆ ಬರುವ ಮುಂಬಯಿಯ ನಮ್ಮವರು ವೇಯ್ಟಿಂಗ್ ಲಿಸ್ಟ್ ಹಿಡಿದು ಜಪ ಮಾಡುವಾಗ ಇದು ಇಡೀ ಡಬ್ಬಿಯಲ್ಲಿ ಕಾಲು ಚಾಚಿ ಮಲಗಿರುತ್ತದೆ.

ಶಂಟಿಂಗಿನ ಸೊಗಸೆಲ್ಲ ಸದ್ದಿನಲ್ಲಿ. ಎಂಜಿನ್ ಎಳೆದದ್ದೇ ತಡ, ಮೀನು ಮಾರ್ಕೆಟ್ಟಿನ ಸುದ್ದಿಯಂತೆ 'ಠಣ್' ಎಂಬುದು ಡಬ್ಬಿಯಿಂದ ಡಬ್ಬಿಗೆ ದಾಟಿ ಬಾಲ ಮುಟ್ಟುತ್ತದೆ. ಕೊಂಡಿಗಳಲ್ಲಿ ತುಸು ಸಡಿಲವಿರುವುದರಿಂದ ಡಬ್ಬಿಗಳು ಒಂದಾದ ಮೇಲೊಂದು ಹೊರಡುತ್ತವೆ. ಎಂಜಿನ್ನಿಗೂ ಅದೇ ಸಲೀಸು. ಬಾವುಟದವನನ್ನು ನೋಡಬೇಕು ನೀವು. ಅವನು ಕೈ ಬೀಸಿದರೆ ಸಾವಿರಾರು ಟನ್ ಹಿಂದೆ ಮುಂದೆ ಸರಿಯುತ್ತದೆ. ಮನೆಯಲ್ಲಿ ಅವನ ಮಾತಿಗೆ ಮಿಕ್ಸಿಯಾದರೂ ನಿಲ್ಲುತ್ತದೋ ಇಲ್ಲವೋ!

ನೋಡಹೋಗುವವರು ಹಳಿಯಿಂದ ದೂರ ನಿಲ್ಲಿ. ಬಿಳಿ ಪಂಚೆ ಮಾತ್ರ ಖಂಡಿತ ಬೇಡ.