ಮಗು ನೋಡ್ಕೊಳ್ಳೋಕೆ ಯಾರಾದ್ರೂ ಇದ್ರೆ ಹೇಳಿ

ಬೆಂಗಳೂರಿನಲ್ಲಿ ಅಡುಗೆಯವರು ಸಿಗುತ್ತಾರೆ, ಪಾತ್ರೆ ತೊಳೆಯುವವರು ಸಿಗುತ್ತಾರೆ, ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋಗುವವರೂ ಸಿಗುತ್ತಾರೆ. ಮಗು ನೋಡಿಕೊಳ್ಳುವವರು ಸಿಗಬೇಕಾದರೆ ಮಾತ್ರ ಪುಣ್ಯ ಮಾಡಿರಬೇಕು. ನಮ್ಮ ಬೀದಿಯಲ್ಲಿ ಈಗ ಯಾರ ಮನೆಗೆ ಹೋದರೂ ಕಾಫಿ ಲೋಟ ಕೈಗೆ ಬರುವ ಮುಂಚೆ ಈ ಮಾತು ಬರುತ್ತದೆ: ‘ಮಗು ನೋಡ್ಕೊಳ್ಳೋಕೆ ಯಾರಾದ್ರೂ ಇದ್ರೆ ಹೇಳಿ ಆಂಟಿ.’ ಸೊಪ್ಪಿನವಳನ್ನು ಕೇಳುತ್ತಾರೆ, ಇಸ್ತ್ರಿ ಗಾಡಿಯವನನ್ನು ಕೇಳುತ್ತಾರೆ, ದೇವಸ್ಥಾನದ ಅರ್ಚಕರನ್ನೂ ಬಿಡುವುದಿಲ್ಲ. ಸಂತಾನಪ್ರಾಪ್ತಿರಸ್ತು ಎಂದು ಹರಸಿದವರು ಅವರೇ ತಾನೆ, ಮುಂದಿನದಕ್ಕೂ ಅವರೇ ಹೊಣೆ!

ಪಕ್ಕದ ಮನೆ ಹುಡುಗಿಯದೂ ಈಗ ಅದೇ ರಾಗ. ಕಾಂಪೌಂಡ್ ಆಚೆ ಮಗುವಿನ ಬಟ್ಟೆ ಒಣಹಾಕುತ್ತಾ, ‘ರಜ ಮುಗೀತಾ ಬಂತು ಆಂಟಿ’ ಅಂತ ನಿಟ್ಟುಸಿರು ಬಿಟ್ಟಳು. ನಾನು ಕೆಲಸದಲ್ಲಿದ್ದಾಗ ಹೆರಿಗೆ ರಜ ಅಂತ ಕೊಡುತ್ತಿದ್ದದ್ದು ಹನ್ನೆರಡು ವಾರ. 2017ರ ತಿದ್ದುಪಡಿ ಬಂದ ಮೇಲೆ ಮೊದಲೆರಡು ಮಕ್ಕಳಿಗೆ 26 ವಾರ. ಐವತ್ತು ಜನರೋ ಅದಕ್ಕಿಂತ ಹೆಚ್ಚೋ ಇರುವ ಕಡೆ ಕಂಪನಿಯವರು ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ‘ನಿಮ್ಮ ಆಫೀಸಲ್ಲಿ ಇಲ್ವೇನಮ್ಮ?’ ಅಂದೆ. ‘ಇದೆ ಆಂಟಿ. ಆದ್ರೆ ಆಫೀಸ್ ಇರೋದು ವೈಟ್‌ಫೀಲ್ಡ್‌ನಲ್ಲಿ.’ ಮುಗಿಯಿತು. ಕಾನೂನು ತೊಟ್ಟಿಲು ಕೊಟ್ಟಿತು, ತೊಟ್ಟಿಲಿನ ತನಕ ರಸ್ತೆ ಕೊಡಲಿಲ್ಲ. ಮಗುವಿಗೆ ಇನ್ನೂ ಆರು ತಿಂಗಳು. ಸಿಲ್ಕ್ ಬೋರ್ಡಿನ ಹೊಗೆ ಕುಡಿಸಿಕೊಂಡು ಹೋಗಿಬರುವುದೆಂದರೆ ಹುಡುಗಾಟವೆ? ನಾಲ್ಕು ವರ್ಷದೊಳಗಿನ ಮಗುವನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡರೆ ಬೆಲ್ಟ್ ಕಟ್ಟಬೇಕು, ಹೆಲ್ಮೆಟ್ ಹಾಕಬೇಕು, ಗಂಟೆಗೆ 40 ಕಿಲೋಮೀಟರ್ ದಾಟಬಾರದು ಅಂತ 2023ರಿಂದ ನಿಯಮ ಇದೆ. ಮೊದಲಿನೆರಡನ್ನು ಕಷ್ಟಪಟ್ಟು ಪಾಲಿಸಬೇಕು. ಮೂರನೆಯದನ್ನು ಬೆಂಗಳೂರೇ ನಮ್ಮ ಪರವಾಗಿ ಪಾಲಿಸುತ್ತದೆ.

‘ನಿಮ್ಮಮ್ಮ ಬರೋದಿಲ್ವಾ?’ ಅಂದರೆ ಮಂಡಿ ನೋವು. ಅತ್ತೆ? ಅವರು ಈಗ ಡಲ್ಲಾಸ್‌ನಲ್ಲಿದ್ದಾರೆ, ದೊಡ್ಡ ಮಗನ ಮಗುವಿಗೆ. ಈ ಅಮೆರಿಕದ ಅಜ್ಜಿಯರ ಪಾಳಿ ನನಗೆ ಬಹಳ ಸೋಜಿಗ. ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ತಾನೆ ಇರಬಹುದು? ಹಾಗಾಗಿ ಹುಡುಗಿಯ ಕಡೆಯವರು ಮೊದಲ ಪಾಳಿ, ಹುಡುಗನ ಕಡೆಯವರು ಎರಡನೆಯದು. ಒಬ್ಬರು ಹಪ್ಪಳ, ಸಾರಿನಪುಡಿ ಹೊತ್ತು ಇಳಿಯುವ ಹೊತ್ತಿಗೆ ಇನ್ನೊಬ್ಬರು ವಿಮಾನ ಹತ್ತುತ್ತಾರೆ. ಬೀಗರು ಬೀಗರ ಮುಖ ನೋಡುವ ಪ್ರಸಂಗವೇ ಇಲ್ಲ, ಅದಕ್ಕೇ ಸಂಬಂಧ ಚೆನ್ನಾಗಿ ಉಳಿದಿದೆ ಅನ್ನುತ್ತಾರೆ ಎದುರುಮನೆ ರಾಯರು.

ಅಮೆರಿಕದಲ್ಲಿ ಶನಿವಾರ ಸಂಜೆ ಗಂಡ ಹೆಂಡತಿ ಹೊರಗೆ ಹೋದರೆ ಪಕ್ಕದ ಮನೆಯ ಹೈಸ್ಕೂಲ್ ಹುಡುಗಿ ಬಂದು ಮಗು ನೋಡಿಕೊಳ್ಳುತ್ತಾಳಂತೆ. ಅಲ್ಲಿಯ ರೆಡ್‌ಕ್ರಾಸ್‌ನವರು ಹನ್ನೊಂದು ವರ್ಷ ದಾಟಿದವರಿಗೆ ಇದನ್ನೇ ಕಲಿಸುವ ತರಗತಿ ನಡೆಸುತ್ತಾರೆ. ಆ ಹುಡುಗಿ ಒಂದಷ್ಟು ಡಾಲರು ಜೇಬಿಗೆ ಹಾಕಿಕೊಂಡು ತನ್ನ ಮನೆಗೆ ಹೋಗಿ ಹೋಂವರ್ಕ್ ಮಾಡುತ್ತಾಳೆ. ನಮ್ಮಲ್ಲೂ ಅದೇ ವಯಸ್ಸಿನ ಹುಡುಗಿಯರು ಇದ್ದರು. ಊರಿಂದ ಕರೆತರುತ್ತಿದ್ದರು, ‘ಮಗು ಆಡಿಸ್ಕೊಂಡು ಇರ್ಲಿ’ ಅಂತ. ಆಡಬೇಕಾದವಳು ಸೊಂಟದ ಮೇಲೆ ಇನ್ನೊಂದು ಮಗುವನ್ನು ಹೊತ್ತು, ಆ ಮನೆಯ ಮಕ್ಕಳು ಸ್ಕೂಲ್ ವ್ಯಾನ್ ಹತ್ತುವುದನ್ನು ಗೇಟಿನಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಹೋಂವರ್ಕೂ ಇರಲಿಲ್ಲ, ಹೋಗಲು ಮನೆಯೂ ಹತ್ತಿರ ಇರಲಿಲ್ಲ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ತುಂಬದವರನ್ನು ಮನೆಗೆಲಸಕ್ಕಿಟ್ಟುಕೊಳ್ಳುವುದು ಅಪರಾಧ. ಆದರೂ ಒಮ್ಮೊಮ್ಮೆ ಯಾರದೋ ಮನೆಯಲ್ಲಿ ಅಂಥ ಒಂದು ಮುಖ ಕಾಣುತ್ತದೆ. ಕೇಳಿದರೆ ‘ನಮ್ಮ ನೆಂಟರ ಹುಡುಗಿ’. ನೆಂಟರ ಹುಡುಗಿ ಯಾಕಮ್ಮ ಅಡುಗೆಮನೆ ನೆಲದ ಮೇಲೆ ಮಲಗುತ್ತಾಳೆ?

ಬಿಡಿ, ಎಲ್ಲಿಗೋ ಹೋಯಿತು ಮಾತು.

ಹುಡುಗಿ ಒಂದು ಪಟ್ಟಿ ಮಾಡಿಟ್ಟುಕೊಂಡಿದ್ದಾಳೆ. ಬರುವವರು ಹತ್ತನೇ ಕ್ಲಾಸ್ ಓದಿರಬೇಕು, ಸ್ವಲ್ಪ ಇಂಗ್ಲಿಷ್ ಬರಬೇಕು, ರೈಮ್ಸ್ ಹೇಳಿಕೊಡಬೇಕು, ಆಧಾರ್ ಕಾರ್ಡ್ ಕೊಡಬೇಕು. ನಾನೆಂದೆ, ಆಧಾರ್ ತಗೋ, ಪೊಲೀಸ್ ವೆರಿಫಿಕೇಶನ್ನೂ ಮಾಡಿಸು, ಹಿಂದಿನ ಮನೆಯವರಿಗೆ ಫೋನ್ ಮಾಡಿ ‘ಹೇಗೆ’ ಅಂತ ಕೇಳಬೇಡ, ‘ಯಾಕೆ ಬಿಟ್ಟರು’ ಅಂತ ಕೇಳು. ಆದರೆ ಆಧಾರ್‌ನಲ್ಲಿ ವಿಳಾಸ ಬರೆದಿರುತ್ತದೆ, ತಾಳ್ಮೆ ಎಷ್ಟಿದೆ ಅಂತ ಬರೆದಿರುವುದಿಲ್ಲ. ಇನ್ನು ರೂಪ, ಮಾತು, ನಯ ನೋಡಿ ಮರುಳಾಗುವುದಂತೂ ಹಳೆಯ ಕಾಯಿಲೆ. ಪೂತನಿ ಸಿಂಗಾರ ಮಾಡಿಕೊಂಡು ನಂದನ ಮನೆಯೊಳಕ್ಕೆ ನುಗ್ಗಿ ಮಗುವನ್ನೆತ್ತಿಕೊಂಡಾಗ ಯಶೋದೆ, ರೋಹಿಣಿ ಇಬ್ಬರೂ ಅಲ್ಲೇ ಇದ್ದರು. ಅವಳ ಚೆಲುವಿಗೆ ಬೆರಗಾಗಿ ಸುಮ್ಮನೆ ನಿಂತಿದ್ದರು ಅಂತ ಭಾಗವತವೇ ಹೇಳುತ್ತದೆ. ಆ ಮಗುವಿಗೆ ತನ್ನನ್ನು ತಾನೇ ನೋಡಿಕೊಳ್ಳುವ ಸಾಮರ್ಥ್ಯ ಇತ್ತು. ಎಲ್ಲರ ಮಕ್ಕಳಿಗೂ ಇರುತ್ತದೆಯೇ?

‘ಹಂಗಾದ್ರೆ ಹೇಗೆ ಕಂಡುಹಿಡಿಯೋದು ಆಂಟಿ?’

‘ಮಗುವನ್ನು ಚಾಪೆ ಮೇಲೆ ಬಿಡು. ಬಂದವರಿಗೆ ಬಿಸಿಬಿಸಿ ಕಾಫಿ ಕೊಡು. ಅವರ ಉತ್ತರ ಕೇಳಬೇಡ, ಲೋಟ ಎಲ್ಲಿಡ್ತಾರೆ ನೋಡು.’

ಮಾತಾಡುತ್ತಾ ಮಾತಾಡುತ್ತಾ ಲೋಟವನ್ನು ನೆಲದ ಮೇಲೆ, ಮಗುವಿನ ಕೈಗೆ ಎಟಕುವ ಕಡೆ ಇಟ್ಟರೆ, ಅವರು ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ್ದರೂ ನಮಸ್ಕಾರ ಹೇಳಿ ಕಳಿಸು. ನಿನ್ನ ಮುಖ ನೋಡಿ ಮಾತಾಡುತ್ತಲೇ ಲೋಟವನ್ನು ಟೇಬಲ್ಲಿನ ಒಳಬದಿಗೆ ತಳ್ಳಿದರೆ, ಸಂಬಳದ ಮಾತಿಗೆ ಕೂರು. ಅವರ ಬಾಯಿ ನಿನ್ನ ಜೊತೆ ಇದ್ದರೂ ಕಣ್ಣು ಮಗುವಿನ ಮೇಲಿದೆ. ಆ ಕಣ್ಣಿಗೇ ನೀನು ದುಡ್ಡು ಕೊಡಬೇಕಾದದ್ದು. ಮತ್ತೆ, ಮೊದಲ ದಿನಗಳಲ್ಲಿ ನೀನೂ ಮನೆಯಲ್ಲೇ ಇರು. ಆಮೇಲೆ ಒಂದೆರಡು ದಿನ ಹೇಳದೆ ಕೇಳದೆ ಮಧ್ಯಾಹ್ನವೇ ಬಾ. ನಗುನಗುತ್ತಿದ್ದ ಮಗು ಅವರನ್ನು ಕಂಡೊಡನೆ ಬೆಚ್ಚಿಬಿದ್ದರೆ ಅಥವಾ ಮೈಮೇಲೆ ಕಾರಣವಿಲ್ಲದ ಗುರುತು ಕಂಡರೆ, ಒಳ್ಳೆಯವರು ಸಿಗೋದು ಕಷ್ಟ ಅಂತ ಸಹಿಸಿಕೊಂಡು ಕೂರಬೇಡ. ಮಕ್ಕಳ ಸಹಾಯವಾಣಿ 1098 ಇದೆ.

ಕ್ಯಾಮೆರಾ ಹಾಕಿಸುತ್ತೇನೆ ಅಂದಳು. ಹಾಕಿಸು. ಆದರೆ ಕ್ಯಾಮೆರಾ ಮಗು ಬೀಳುವುದನ್ನು ತೋರಿಸುತ್ತದೆ, ಹಿಡಿದುಕೊಳ್ಳುವುದಿಲ್ಲ.

ಇನ್ನು ಮನೆ. ನಮ್ಮ ಮನೆಗಳು ಮಕ್ಕಳಿಗಾಗಿ ಕಟ್ಟಿದವಲ್ಲ, ಬೀಗರಿಗೆ ತೋರಿಸಲು ಕಟ್ಟಿದವು. ಬಚ್ಚಲಲ್ಲಿ ಬಕೆಟ್ ತುಂಬಿಸಿಡುವುದು ನಮಗೆಲ್ಲ ರಕ್ತದಲ್ಲಿ ಬಂದ ಅಭ್ಯಾಸ, ನೀರು ಯಾವಾಗ ನಿಲ್ಲುತ್ತದೋ ಅಂತ. ಅಂಬೆಗಾಲಿಡುವ ಮಗುವಿಗೆ ತಲೆಯೇ ಭಾರ. ಬಕೆಟ್ಟಿನೊಳಕ್ಕೆ ಬಗ್ಗಿದರೆ ಮತ್ತೆ ಮೇಲೇಳಲಾರದು. ಗೇಣುದ್ದ ನೀರೂ ಬೇಕಿಲ್ಲ, ಕೂಗೂ ಕೇಳಿಸುವುದಿಲ್ಲ. ಆದ್ದರಿಂದ ಬಚ್ಚಲ ಬಾಗಿಲಿಗೆ ಮೇಲೊಂದು ಚಿಲಕ, ಬಕೆಟ್ ಖಾಲಿ. ಬೀರುವಿನಲ್ಲಿರುವ ನುಸಿಗುಳಿಗೆ ಮಗುವಿನ ಕಣ್ಣಿಗೆ ಪೆಪ್ಪರ್‌ಮೆಂಟು. ಫಿನಾಯಿಲ್ ಹಾಕಿಟ್ಟ ಜ್ಯೂಸ್ ಬಾಟಲಿ ಅದಕ್ಕೆ ಜ್ಯೂಸೇ. ರಿಮೋಟು, ಆಟದ ಸಾಮಾನುಗಳಲ್ಲಿರುವ ಗುಂಡಿಯಷ್ಟು ಚಿಕ್ಕ ಸೆಲ್ಲು ಇದೆಯಲ್ಲ, ನುಂಗಿದರೆ ಅನ್ನನಾಳವನ್ನು ಕೆಲವೇ ಗಂಟೆಗಳಲ್ಲಿ ಸುಟ್ಟುಬಿಡುತ್ತದೆ. ನಾಳೆ ಹೊರಕ್ಕೆ ಹೋಗುತ್ತದೆ ಅಂತ ಬಾಳೆಹಣ್ಣು ತಿನ್ನಿಸಿಕೊಂಡು ಕಾಯುವ ವಿಷಯವಲ್ಲ, ತಕ್ಷಣ ಆಸ್ಪತ್ರೆ. ವಾಕರ್ ಕೊಳ್ಳಬೇಡ. ಕೆನಡಾದವರು 2004ರಲ್ಲೇ ಅದರ ಮಾರಾಟ ನಿಲ್ಲಿಸಿಬಿಟ್ಟರು. ಮೆಟ್ಟಿಲಿದ್ದ ಮನೆಯಲ್ಲಿ ಅದು ಮಗುವಿಗೆ ನಡಿಗೆ ಕಲಿಸುವುದಿಲ್ಲ, ಉರುಳುವುದನ್ನು ಕಲಿಸುತ್ತದೆ.

ಕಡಲೆಬೀಜದ ವಿಷಯ ಬಸವನಗುಡಿಯ ಕಡೆಯವರಿಗೆ ಹೇಳುವುದು ಸ್ವಲ್ಪ ಕಷ್ಟ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಹೋಗಿ ಸೇರುಗಟ್ಟಲೆ ತರುತ್ತೇವೆ, ಪಾಪ ಅಂತ ಮಗುವಿನ ಕೈಗೂ ನಾಲ್ಕು ಬೀಜ ಹಾಕುತ್ತೇವೆ. ಅರೆಯಲು ಹಲ್ಲಿಲ್ಲದ ಬಾಯಿಂದ ಅದು ನೇರ ಶ್ವಾಸನಾಳಕ್ಕೆ ಇಳಿದರೆ ಡಾಕ್ಟರು ಕೊಳವೆ ಇಳಿಸಿ ತೆಗೆಯಬೇಕು. ನಾಲ್ಕೈದು ವರ್ಷ ಆಗುವವರೆಗೂ ಇಡೀ ಬೀಜ ಬೇಡ, ಪುಡಿ ಮಾಡಿ ಕೊಡಿ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಒಂದು ವರ್ಷದೊಳಗಿನ ಮಗುವಿನ ಗಂಟಲಿಗೆ ಏನಾದರೂ ಸಿಕ್ಕಿ ಕೆಮ್ಮಲೂ ಅಳಲೂ ಆಗದಿದ್ದರೆ, ಮುಂಗೈ ಮೇಲೆ ಬೋರಲು ಹಾಕಿಕೊಂಡು, ತಲೆ ಕೆಳಗಿರುವಂತೆ ಹಿಡಿದು, ಬೆನ್ನಿನ ಮೇಲುಭಾಗದಲ್ಲಿ ಅಂಗೈ ಬುಡದಿಂದ ಐದು ಸಲ ಗಟ್ಟಿಯಾಗಿ ಗುದ್ದಬೇಕು. ಬರಲಿಲ್ಲವೋ, ಅಂಗಾತ ತಿರುಗಿಸಿ ಎದೆಯ ನಡುವೆ ಒಂದು ಅಂಗೈ ಬುಡದಿಂದ ಐದು ಸಲ ಒತ್ತಬೇಕು. ಬರುವ ತನಕ ಎರಡನ್ನೂ ಒಂದಾದ ಮೇಲೊಂದು ಮಾಡುತ್ತಿರಬೇಕು, ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಕಣ್ಣಿಗೆ ಕಾಣದ್ದನ್ನು ಹುಡುಕಲು ಬಾಯಿಗೆ ಬೆರಳು ಹಾಕಿ ತಡಕಬಾರದು, ಇನ್ನೂ ಒಳಕ್ಕೆ ಹೋಗುತ್ತದೆ. ಇದನ್ನು ಬರುವ ಆಯಾಗೆ ಒಂದು ಗೊಂಬೆ ಇಟ್ಟುಕೊಂಡು ಮಾಡಿ ತೋರಿಸು ಅಂದೆ. ರೈಮ್ಸ್ ಆಮೇಲೆ ಕಲಿತರಾಯಿತು.

ಇಷ್ಟೆಲ್ಲ ಕೇಳಿ ಅವಳಿಗೆ ಮಗುವನ್ನು ಕಟ್ಟಿಹಾಕುವುದೇ ವಾಸಿ ಅನ್ನಿಸಿರಬೇಕು. ಯಶೋದೆಯೂ ಅದನ್ನು ಮಾಡಿ ನೋಡಿದಳು. ಅವನು ಒರಳನ್ನೇ ಎಳೆದುಕೊಂಡು ಹೋಗಿ ಎರಡು ಮತ್ತಿಮರ ಉರುಳಿಸಿದ.

ಆಡಿಸುವುದಕ್ಕೆ ಈಗಿನವರು ಮಾಡುವ ಖರ್ಚು ನೋಡಿದರೆ ನನಗೆ ನಗು. ಡಬ್ಬದ ತುಂಬ ಆಟಿಕೆ ತರಿಸುತ್ತಾರೆ, ಮಗು ಆಟಿಕೆ ಬಿಟ್ಟು ಡಬ್ಬದೊಳಗೆ ಕೂರುತ್ತದೆ. ಅಡುಗೆಮನೆಯ ಕೆಳಗಿನ ಗೂಡೊಂದನ್ನು ಮಗುವಿಗೆ ಬಿಟ್ಟುಕೊಡಿ. ಸ್ಟೀಲ್ ಡಬ್ಬ, ಮರದ ಸೌಟು, ಇಡ್ಲಿ ತಟ್ಟೆ. ನಿಮ್ಮ ಕಿವಿಗೆ ಕಷ್ಟ, ಮಗುವಿಗೆ ಅರ್ಧ ದಿನದ ಹಬ್ಬ. ದುಡ್ಡು ಕೊಟ್ಟೇ ತರಬೇಕು ಅಂದರೆ ಚನ್ನಪಟ್ಟಣದ ಗಿಲಕಿ ತನ್ನಿ. ಹಾಲೆಮರ ಕಡೆದು ಅರಗಿನ ಬಣ್ಣ ಹಚ್ಚಿದ್ದು. ಹಲ್ಲು ಬರುವ ಮಗು ಹೇಗಿದ್ದರೂ ಕಚ್ಚಿಯೇ ಕಚ್ಚುತ್ತದೆ, ಗಿಡಮೂಲಿಕೆ ಬಣ್ಣದ್ದು ಅಂತ ಕೇಳಿ ತನ್ನಿ. ಗುಬ್ಬಿ ಕಾಗೆಯ ಕಥೆಗೆ ಅದೂ ಬೇಡ. ಒಂದೇ ಕಥೆಯನ್ನು ನೂರು ಸಲ ಕೇಳುವ ಪ್ರೇಕ್ಷಕರು ಈ ವಯಸ್ಸಿನವರು ಬಿಟ್ಟರೆ ಸೀರಿಯಲ್ ನೋಡುವ ನಾವೇ.

ಮೊಬೈಲಿನ ಮಾತು ಎತ್ತಿದರೆ ಜಗಳವಾಗುತ್ತದೆ. ಎರಡು ವರ್ಷದೊಳಗೆ ಪರದೆಯೇ ಬೇಡ, ಎರಡು ದಾಟಿದ ಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಹುಡುಗಿ ಈ ನಿಯಮವನ್ನು ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ, ಆಯಾ ಓದಲಿ ಅಂತ. ಓದಬೇಕಾದ ಇನ್ನೊಬ್ಬರು ಆ ಮನೆಯಲ್ಲಿದ್ದಾರೆ. ತುತ್ತಿಗೊಂದು ವಿಡಿಯೋ ತೋರಿಸಿ ರಾಗಿಸರಿ ತಿನ್ನಿಸುವುದು ಆ ಮಗುವಿನ ಅಪ್ಪ.

ಸಂಬಳದ ವಿಷಯಕ್ಕೆ ಬಂದಾಗ ಹುಡುಗಿ ಚೌಕಾಸಿ ಶುರುಮಾಡಿದಳು. ‘ಮಗು ಮಲಗಿದ್ದಾಗ ಅವರಿಗೆ ಏನೂ ಕೆಲಸ ಇರಲ್ವಲ್ಲ ಆಂಟಿ, ಪಾತ್ರೆನೂ ತೊಳೀಲಿ.’ ಎಲ್ಲರೂ ಎಡವುವುದು ಇಲ್ಲೇ. ಅಡುಗೆಯವರು ಮಾಡಿದ್ದು ಪಾತ್ರೆಯಲ್ಲಿ ಕಾಣುತ್ತದೆ, ಗುಡಿಸಿದ್ದು ನೆಲದಲ್ಲಿ ಕಾಣುತ್ತದೆ. ಮಗು ನೋಡಿಕೊಂಡವರು ಸಂಜೆ ನಿನಗೆ ಒಪ್ಪಿಸುವುದು ಏನೂ ಆಗದ ಒಂದು ದಿನವನ್ನು. ಬಿಸಿನೀರು ಬೀಳಲಿಲ್ಲ, ಬಾಗಿಲ ಸಂದಿಗೆ ಬೆರಳು ಸಿಗಲಿಲ್ಲ, ಸ್ಟೂಲ್ ಇಟ್ಟುಕೊಂಡು ಬಾಲ್ಕನಿ ಗ್ರಿಲ್ ಹತ್ತಲಿಲ್ಲ. ಆಗದೇ ಇದ್ದದ್ದು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಪಾತ್ರೆಯನ್ನೂ ಸೇರಿಸೋಣ ಅನ್ನಿಸುತ್ತದೆ. ಪಾತ್ರೆಗೆ ಬೇರೆಯವರನ್ನು ಇಟ್ಟುಕೋ ತಾಯಿ. ಮಗುವಿಗೆ ಅಂತ ತರಿಸಿದ್ದೀಯಲ್ಲ, ಆ ಮೂರು ಗಾಲಿಯ ತಳ್ಳುಗಾಡಿಗೆ ಕೊಟ್ಟ ದುಡ್ಡಲ್ಲಿ ಎರಡು ತಿಂಗಳು ಆಯಾ ಸಂಬಳ ಆಗುತ್ತಿತ್ತು.

ಇನ್ನೊಂದು ಪ್ರಶ್ನೆ ಅವಳ ಪಟ್ಟಿಯಲ್ಲಿ ಇರಲೇ ಇಲ್ಲ. ಬರುವವಳ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ನಮ್ಮಲ್ಲಿ ಇದಕ್ಕೆ ಮೊದಲು ಉತ್ತರ ಹುಡುಕಿದ ಕಡೆಗಳಲ್ಲಿ ತಿರುಮಕೂಡಲು ನರಸೀಪುರವೂ ಒಂದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಶುರುವಾದಾಗ ಅದರಲ್ಲಿ ನರಸೀಪುರವೂ ಸೇರಿತ್ತು, ಅಂಗನವಾಡಿ ಕರ್ನಾಟಕಕ್ಕೆ ಬಂದದ್ದು ಹಾಗೆ. ಈಚೆಗೆ ಉದ್ಯೋಗ ಖಾತ್ರಿಯ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳೂ ಬಂದಿವೆ. ಆದರೆ ನಗರದಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಏಳರ ತನಕ ಬೇರೆಯವರ ಮಗು ನೋಡಿಕೊಳ್ಳುವವಳಿಗೆ ಅಂಗನವಾಡಿಯ ಗಂಟೆಗಳು ಸಾಲುವುದಿಲ್ಲ. ಅವಳ ಮಗು ಅವಳ ಅತ್ತೆಯ ಹತ್ತಿರವೋ, ಪಕ್ಕದ ಶೀಟ್ ಮನೆಯವರ ಹತ್ತಿರವೋ, ಅದೃಷ್ಟ ಕೆಟ್ಟರೆ ಏಳು ವರ್ಷದ ಅಕ್ಕನ ಹತ್ತಿರವೋ ಇರುತ್ತದೆ. ‘ಅವರ ಮಗುವಿಗೆ ಜ್ವರ ಬಂದ ದಿನ ರಜ ಕೊಡ್ತೀನಿ ಅಂತ ನೀನೇ ಮೊದಲು ಹೇಳಿಬಿಡು, ಆಮೇಲೆ ನಿನ್ನ ಮಗು ಬಿಟ್ಟು ಅವರು ಬೇರೆ ಮನೆಗೆ ಹೋಗೋದಿಲ್ಲ’ ಅಂದೆ.

ಕೊನೆಗೆ ಸೊಪ್ಪಿನವಳ ಕಡೆಯಿಂದಲೇ ಒಬ್ಬರು ಬಂದರು. ನಲವತ್ತರ ಆಸುಪಾಸು, ಮಂಡ್ಯದ ಕಡೆಯವರು. ವರಾಂಡದಲ್ಲೇ ಚಾಪೆ ಹಾಸಿ ಮಗುವನ್ನು ಬಿಟ್ಟಿದ್ದರು. ನಾನು ಕಾಂಪೌಂಡ್ ಈಚೆಯಿಂದ ಕರಿಬೇವು ಬಿಡಿಸುವ ನೆಪದಲ್ಲಿ ನೋಡುತ್ತಾ ನಿಂತೆ. ಕಾಫಿ ಬಂತು. ಆಕೆ ಲೋಟವನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. ‘ಅಲ್ಲಿ ಕಿಟಕಿ ಮೇಲೆ ಮಡಗಿ ಅಕ್ಕ, ಆರ್‍ಲಿ’ ಅಂದರು. ನಾನು ಹುಡುಗಿಗೆ ಕಣ್ಸನ್ನೆ ಮಾಡಿದೆ. ಅವಳು ಪಟ್ಟಿ ತೆಗೆಯುವಷ್ಟರಲ್ಲಿ ಆಕೆಯೇ ಕೇಳಲು ಶುರುಮಾಡಿದರು. ಮಗುವಿಗೆ ಯಾವ ಔಷಧಿ ಆಗಿಬರಲ್ಲ? ನೀವು ಫೋನ್ ಎತ್ತದಿದ್ರೆ ಯಾರಿಗೆ ಮಾಡಬೇಕು? ಎದ್ದುಬಿದ್ದು ಸಣ್ಣಪುಟ್ಟ ಗಾಯ ಆದ್ರೆ ನನ್ನ ಮೇಲೆ ಕೂಗಾಡ್ತೀರಾ? ಕ್ಯಾಮೆರಾ ಐತಾ? ಇದ್ರೆ ಇರ್ಲಿ, ಬಟ್ಟೆ ಬದಲಾಯಿಸೋ ಕೋಣೇಲಿ ಬೇಡ. ಮನೇಲಿ ಅಜ್ಜಿಗಿಜ್ಜಿ ಯಾರಾದ್ರೂ ಅವ್ರಾ?

‘ಇಲ್ಲಕ್ಕ, ನಾವಿಬ್ಬರೇ’ ಅಂದಳು ಹುಡುಗಿ.

‘ಒಳ್ಳೇದಾಯ್ತು. ಹೇಳಿದ ಸಂಬಳಕ್ಕೇ ಬತ್ತೀನಿ.’ ಆಮೇಲೆ ಗೋಡೆಯ ಕಡೆ ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಆ ಕರಿಬೇವಿನ ಅಮ್ಮಾರು ಯಾರು? ದಿನಾ ಹಿಂಗೇ ನಿಂತಿರ್ತಾರಾ?’

‘ಹೂಂ, ಅವರು ನಮ್ಮ ಆಂಟಿ.’

‘ಹಂಗಾದ್ರೆ ಐನೂರು ಜಾಸ್ತಿ ಕೊಡಿ ಅಕ್ಕ.’